ಚೌಕ ವಾಲಿತು, ವಿಸ್ತೀರ್ಣ ಯಾಕೆ ಹಾಗೇ ಉಳಿಯಿತು?

ಮೇಲಿನ ಸಾಲು 1, 1 ಮತ್ತು ಕೆಳಗಿನ ಸಾಲು 0, 1 ಇರುವ ಮ್ಯಾಟ್ರಿಕ್ಸ್ (ಬಿಂದುಗಳನ್ನು ಎಲ್ಲಿಗೆ ಸರಿಸಬೇಕು ಅಂತ ಹೇಳುವ ಸಂಖ್ಯೆಗಳ ಪಟ್ಟಿ) ಹಾಕಿದಾಗ ಬದಿ 1 ಇರುವ ಚೌಕ ಓರೆಯಾಯಿತು, ಪಕ್ಕದ ಬದಿ ಉದ್ದವಾಯಿತು, ಆದರೂ ಡಿಟರ್ಮಿನೆಂಟ್ (ವಿಸ್ತೀರ್ಣ ಎಷ್ಟುಪಟ್ಟು ಆಯಿತು ಅಂತ ಹೇಳುವ ಸಂಖ್ಯೆ) 1 ಯಾಕೆ ಅಂತ ಕೇಳಿದ್ದೀರಿ. ಒಳ್ಳೆ ಪ್ರಶ್ನೆ.

ಚೌಕದ ಕೆಳಬದಿ, ಎಡಬದಿಗಳನ್ನು ಒಂದೇ ಮೂಲೆಯಿಂದ ಹೊರಟ ಎರಡು ಬಾಣ ಅಂದುಕೊಳ್ಳಿ. ಅವು ಎಲ್ಲಿಗೆ ಹೋದವು ಅಂತ ತಿಳಿಯಲು ಅಡ್ಡಸಾಲು ಬಿಡಿ, ಕಾಲಂ (ಮೇಲಿಂದ ಕೆಳಕ್ಕೆ) ಓದಿ. ಮೊದಲ ಕಾಲಂ (1, 0), ಅಂದರೆ ಅಡ್ಡ ಮಲಗಿದ್ದ ಬಾಣ ಇದ್ದಲ್ಲೇ ಇದೆ. ಎರಡನೇದು (1, 1), ನೆಟ್ಟಗೆ ನಿಂತಿದ್ದ ಬಾಣ ಬಲಕ್ಕೆ ವಾಲಿದೆ. ಎರಡನ್ನೂ ಕೂಡಿದರೆ ಎದುರು ಮೂಲೆ (2, 1). ಚಿತ್ರ ಮುಗೀತು.

ಕಲಬುರಗಿಯವರು ಅಂದಿದ್ದೀರಿ, ಶಹಾಬಾದ್ ಕಲ್ಲಿನ ಚಪ್ಪಡಿ ಒಂದರ ಮೇಲೊಂದು ಪೇರಿಸಿಟ್ಟಿದ್ದನ್ನು ನೋಡಿಯೇ ಇರ್ತೀರಿ ಅಲ್ವಾ? ಪ್ರತಿ ಚಪ್ಪಡಿಯನ್ನೂ ಕೆಳಗಿನದಕ್ಕಿಂತ ಒಂದು ಬೆರಳು ಬಲಕ್ಕೆ ಸರಿಸಿ. (ಮನಸ್ಸಲ್ಲೇ ಸರಿಸಿ, ಕಾಲ ಮೇಲೆ ಬಿದ್ದೀತು.) ಎದುರಿಂದ ನೋಡಿದರೆ ರಾಶಿ ವಾಲಿದೆ, ಓರೆ ಅಂಚು ಉದ್ದವಾಗಿದೆ. ನಿಮ್ಮ ಚೌಕದಲ್ಲಿ ಅದು 1 ಇದ್ದದ್ದು ಸುಮಾರು 1.41 ಆಗಿದೆ. ಆದರೆ ಕಲ್ಲು ಒಂದೂ ಜಾಸ್ತಿ ಆಗಿಲ್ಲ. ಚಪ್ಪಡಿಯ ಅಗಲ ಅಷ್ಟೇ, ರಾಶಿಯ ಎತ್ತರವೂ ಅಷ್ಟೇ. ಡಿಟರ್ಮಿನೆಂಟ್ ಅಳೆಯುವುದು ಅಂಚನ್ನಲ್ಲ, ಒಟ್ಟು ಕಲ್ಲನ್ನು.

ಮೇಲೆ 2, 0 ಕೆಳಗೆ 0, 1 ಇಟ್ಟು ನೋಡಿ. ಚಪ್ಪಡಿಯೇ ಎರಡುಪಟ್ಟು ಅಗಲ, ಡಿಟರ್ಮಿನೆಂಟ್ 2. ಎರಡೂ ಸಾಲಿಗೆ 1, 1 ಇಟ್ಟರೆ ಬಾಣಗಳು ಒಂದರ ಮೇಲೊಂದು ಬಿದ್ದು ಚೌಕ ಬರೀ ಗೆರೆಯಾಗುತ್ತದೆ, ಡಿಟರ್ಮಿನೆಂಟ್ 0. ಗೆರೆಯಿಂದ ಮತ್ತೆ ಚೌಕ ಎತ್ತೋಕೆ ಆಗಲ್ಲ, ಅದಕ್ಕೇ ಆ ಮ್ಯಾಟ್ರಿಕ್ಸ್‌ಗೆ ಇನ್ವರ್ಸ್ (ಮಾಡಿದ್ದನ್ನು ವಾಪಸ್ ಮಾಡುವ ಮ್ಯಾಟ್ರಿಕ್ಸ್) ಇಲ್ಲ.

ನಿಮ್ಮದಕ್ಕೆ ಇದೆ. ಮೇಲಿನ ಬಲಮೂಲೆಯ 1 ಅನ್ನು −1 ಮಾಡಿ, ಚಪ್ಪಡಿಗಳು ವಾಪಸ್ ಜಾಗಕ್ಕೆ ಬರುತ್ತವೆ.