ಬಿರಾದಾರ್ ಅವ್ರು ಬರೀ ಕಾಮಿಡಿ ಆ್ಯಕ್ಟರ್ ಅಲ್ರಿ

ವೈಜನಾಥ ಬಿರಾದಾರ್ ಅವ್ರು ಬರೀ ಭಿಕ್ಷುಕ, ಕುಡುಕನ ಪಾರ್ಟೇ ಮಾಡ್ಯಾರ, ನೋಡ್ಲೇಬೇಕಾದ್ದು ಒಂದ್ ಪಿಕ್ಚರ್ ಇದ್ರ ಹೇಳ್ರಿ ಅಂತ ಕೇಳೀರಲ್ಲ, ‘ಕನಸೆಂಬೋ ಕುದುರೆಯನೇರಿ’ ನೋಡ್ರಿ, 2010ರದ್ದು, ಗಿರೀಶ ಕಾಸರವಳ್ಳಿ ಡೈರೆಕ್ಷನ್. ಅದ್ರಾಗ ಇವ್ರೇ ಹೀರೊ. ಹೆಣಕ್ಕ ಕುಣಿ ತೋಡೋ ಈರ್ಯಾ, ಹೆಂಡ್ತಿ ರುದ್ರಿ ಪಾರ್ಟಿಗಿ ಉಮಾಶ್ರೀ. ಕನಸಿನ್ಯಾಗ ಸಿದ್ಧ ಅನ್ನೋ ಸಾಧು ಬಂದ ಅಂದ್ರ ಊರಾಗ ಯಾರೋ ಸತ್ತಾರ ಅಂತ ಅವ್ನ ನಂಬಿಕಿ, ಆದ್ರ ಗೌಡ್ರು ಸತ್ತಿದ್ದನ್ನ ಮನಿಯವ್ರು ಮುಚ್ಚಿಡ್ತಾರ, ಈರ್ಯಾಗ ತನ್ನ ಕನಸೇ ಸುಳ್ಳಾಯ್ತಲ್ಲ ಅಂತ ಜೀವ ಹಿಂಡ್ತದ. ಆವಾಗಿನ ಬಿರಾದಾರ್ ಅವ್ರ ಮಾರಿ ನೋಡ್ರಿ, ಮಾತು ಕಮ್ಮಿ, ಕಣ್ಣಾಗೇ ಎಲ್ಲಾ ಅದ. ಇದಕ್ಕ ಸ್ಪೇನ್‌ನ ಮ್ಯಾಡ್ರಿಡ್‌ದಾಗ ಇಮ್ಯಾಜಿನ್ ಇಂಡಿಯಾ ಚಿತ್ರೋತ್ಸವದಾಗ ಬೆಸ್ಟ್ ಆ್ಯಕ್ಟರ್ ಅವಾರ್ಡ್ ಸಿಕ್ಕದ, ನಮ್ ಬೀದರ್ ಜಿಲ್ಲಾದ ಮನಷಾಗ!

ಬಿರಾದಾರ್ ಅವ್ರು ನಾಟಕದಿಂದ ಬಂದವ್ರು ನೋಡ್ರಿ, ಸ್ಟೇಜ್ ಮ್ಯಾಲ ಹಿಂದಿನ ಸಾಲಿನ ಮುದುಕಪ್ಪಗೂ ಕೇಳೋಹಂಗ ಒದರಬೇಕು, ಕ್ಯಾಮೆರಾ ಮುಂದ ಹಂಗ್ ಮಾಡಿದ್ರ ನಾಟಕ ಆಗ್ತದ, ಎರಡೂ ಸಂಭಾಳಿಸೋರು ಕಮ್ಮಿ. ಇನ್ನ ಭಿಕ್ಷುಕನ ಪಾರ್ಟ್ ಬಗ್ಗೆ ಅಂದ್ರ, ಸಣಕಲು ಮೈ, ಬೀದರ್ ಭಾಷಾ ಕೇಳಿದ್ ಕೂಡ್ಲೇ ಬೆಂಗಳೂರಿನ ಸಿನಿಮಾದವ್ರು ಹರಕ ಅಂಗಿ ತಂದು ಕೊಡ್ತಿದ್ರು ಅನಸ್ತದ ನನಗ, ತಪ್ಪು ಬಿರಾದಾರ್ ಅವ್ರದಲ್ಲ ಬಿಡ್ರಿ. ನಮ್ಮ ಕಲಬುರಗಿ ಪಂಡಿತ ರಂಗಮಂದಿರದಾಗ ನಾಟಕ ಇದ್ದಾಗ ಒಮ್ಮಿ ಹೋಗಿ ಹಿಂದಿನ ಸಾಲಿನ್ಯಾಗ ಕೂಡ್ರಿ, ದನಿ ಅಂದ್ರೇನು ಅಂತ ಗೊತ್ತಾಗ್ತದ.