ಪೋಕೆಮಾನ್ ನ್ಯಾಷನಲ್ಸ್ ಬರೀ ಅದೃಷ್ಟದ ಆಟನಾ? ತುಮಕೂರಲ್ಲಿ ಕೂತು ಕಲಿಯೋಕೆ ಆಗುತ್ತಾ?

ನಿಮ್ಮ ತಮ್ಮ ಪಿಯುಸಿ ಓದುತ್ತಿದ್ದಾನೆ, ನಿದ್ದೆಗೆಟ್ಟು ಪೋಕೆಮಾನ್ (ಕಾಲ್ಪನಿಕ ಪ್ರಾಣಿಗಳನ್ನು ಕಾದಾಡಿಸುವ ವಿಡಿಯೊ ಗೇಮ್) ಟೂರ್ನಿಗಳ ಲೈವ್ ನೋಡುತ್ತಾನೆ, ಮುಂದೆ ತಾನೂ ನ್ಯಾಷನಲ್ಸ್, ಅಂದರೆ ರಾಷ್ಟ್ರಮಟ್ಟದ ಟೂರ್ನಿ, ಆಡ್ತೀನಿ ಅಂತಾನೆ ಎಂದು ಬರೆದಿದ್ದೀರಿ. ಇದು ಅದೃಷ್ಟದ ಆಟ ಅಲ್ವಾ, ತುಮಕೂರಿನಂಥ ಊರಲ್ಲಿ ಕಲಿಯೋಕೆ ಆಗುತ್ತಾ ಅಂತ ನಿಮ್ಮ ಪ್ರಶ್ನೆ.

ಕಲಿಯೋಕೆ ಆಗುತ್ತೆ. ನಾನು ಕಲಿತದ್ದೇ ತುಮಕೂರು–ಬೆಂಗಳೂರು ರೈಲಿನಲ್ಲಿ. ಬೆಳಗ್ಗೆ ಕೆಲಸಕ್ಕೆ ಹೋಗುವಾಗ ನಾನು, ನನ್ನ ಗೆಳೆಯ ಎದುರುಬದುರು ಕೂರುತ್ತಿದ್ದೆವು. ಪಕ್ಕದಲ್ಲಿ ತೊಡೆಯ ಮೇಲೆ ಬ್ಯಾಗ್ ಇಟ್ಟುಕೊಂಡು ಇಸ್ಪೀಟು ಆಡುವವರ ಗುಂಪು. ನಮ್ಮ ಕೈಯಲ್ಲಿ ಫೋನು, ಅದರಲ್ಲಿ ಪೋಕೆಮಾನ್ ಶೋಡೌನ್ ಅನ್ನೋ, ಪೋಕೆಮಾನ್ ಕಾಳಗ ಆಡುವ ವೆಬ್‌ಸೈಟು. ಬ್ರೌಸರಿನಲ್ಲೇ ತೆರೆಯುತ್ತೆ, ದುಡ್ಡು ಕೊಡಬೇಕಾಗಿಲ್ಲ. ಕ್ಯಾತ್ಸಂದ್ರದಲ್ಲಿ ಮೊದಲ ಆಟ ಶುರುವಾದರೆ ಯಶವಂತಪುರ ಬರುವಷ್ಟರಲ್ಲಿ ಐದಾರು ಆಟ ಮುಗಿದಿರುತ್ತಿದ್ದವು.

ಟಿವಿ ಕಾರ್ಟೂನಿನಲ್ಲಿ ಒಂದು ಪ್ರಾಣಿ ಇನ್ನೊಂದರ ಜೊತೆ ಹೊಡೆದಾಡುವುದನ್ನು ನೀವು ನೋಡಿರಬಹುದು. ಟೂರ್ನಿಯಲ್ಲಿ ಹಾಗಲ್ಲ. ಎರಡೂ ಕಡೆ ಒಮ್ಮೆಗೆ ಎರಡೆರಡು ಇರುತ್ತವೆ. ನಿಮ್ಮ ತಂಡದಲ್ಲಿ ಆರು ಪೋಕೆಮಾನ್, ಆದರೆ ಪ್ರತಿ ಆಟಕ್ಕೆ ಇಳಿಸುವುದು ನಾಲ್ಕನ್ನು ಮಾತ್ರ. ಎದುರಿನವನ ಆರೂ ನಿಮಗೆ ಕಾಣುತ್ತವೆ. ದೊಡ್ಡ ಟೂರ್ನಿಗಳಲ್ಲಿ ಅವು ಯಾವ ಏಟು ಕಲಿತಿವೆ, ಯಾವ ವಸ್ತು ಹಿಡಿದಿವೆ ಅನ್ನೋ ಪಟ್ಟಿಯೂ ಕೈಗೆ ಬರುತ್ತದೆ. ಯಾವ ನಾಲ್ಕು ಬರುತ್ತವೆ ಅನ್ನೋದು ಮಾತ್ರ ಗೊತ್ತಿಲ್ಲ. ಯೋಚಿಸಲು ಸಿಗುವುದು 90 ಸೆಕೆಂಡು. ಆರರಲ್ಲಿ ನಾಲ್ಕನ್ನು 15 ರೀತಿ ಆರಿಸಬಹುದು. ಆ ನಾಲ್ಕರಲ್ಲಿ ಮೊದಲು ನಿಲ್ಲುವ ಜೋಡಿ ಯಾವುದು ಅಂತಲೂ ಲೆಕ್ಕ ಹಾಕಿದರೆ 90 ದಾರಿಗಳಾಗುತ್ತವೆ. ನನ್ನ ಪ್ರಕಾರ ಅರ್ಧ ಆಟ ಅಲ್ಲೇ ಮುಗಿದುಹೋಗುತ್ತದೆ.

ಒಂದು ಆನ್‌ಲೈನ್ ಟೂರ್ನಿಯಲ್ಲಿ ನಾನು ಸೋತದ್ದನ್ನು ಹೇಳುತ್ತೇನೆ. ಮೂರರಲ್ಲಿ ಎರಡು ಗೆದ್ದವರು ಮುಂದಕ್ಕೆ. ಎದುರಿನವನ ತಂಡದಲ್ಲಿ ಆರ್ಮರೂಜ್ ಅನ್ನೋ ಪೋಕೆಮಾನ್ ಇತ್ತು, ಟಾರ್ಕೋಲ್ ಅನ್ನೋ ಆಮೆಯೂ ಇತ್ತು. ಟಾರ್ಕೋಲ್ ಬಹಳ ನಿಧಾನ. ಆದರೆ ಆರ್ಮರೂಜ್ 'ಟ್ರಿಕ್ ರೂಮ್' ಹಾಕಿದರೆ ಐದು ಸುತ್ತು ಲೋಕವೇ ತಲೆಕೆಳಗು. ನಿಧಾನದವು ಮೊದಲು ಹೊಡೆಯುತ್ತವೆ, ವೇಗದವು ಕಾಯಬೇಕು. ಮೊದಲೆರಡು ಆಟದಲ್ಲೂ ಅವನು ಅದನ್ನೇ ಮಾಡಿದ. ಒಂದು ಅವನಿಗೆ, ಒಂದು ನನಗೆ. ಮೂರನೆಯದಕ್ಕೆ ನಾನು ಜಾಣತನ ಮಾಡಿ ನನ್ನ ನಿಧಾನದ ಎರಡನ್ನೇ ಮುಂದೆ ನಿಲ್ಲಿಸಿದೆ. ಅವನ ಟ್ರಿಕ್ ರೂಮ್ ನನಗೇ ಅನುಕೂಲ ಆಗಲಿ ಅಂತ. ಅವನ ಜೋಡಿ ಪರದೆಗೆ ಬಂತು. ಆರ್ಮರೂಜ್ ಇಲ್ಲ. ಎರಡೂ ವೇಗದವು. ಮೊದಲ ಏಟಿಗೇ 'ಟೇಲ್‌ವಿಂಡ್' ಹಾಕಿದ, ಅವನ ಕಡೆಯವರ ವೇಗ ಇನ್ನೂ ದುಪ್ಪಟ್ಟಾಯಿತು. ನನ್ನವು ಕೈ ಎತ್ತುವ ಮೊದಲೇ ಉರುಳಿದವು. ನಾನು ಹೀಗೇ ಯೋಚಿಸುತ್ತೇನೆ ಅಂತ ಅವನು ಮೊದಲೇ ಓದಿಕೊಂಡಿದ್ದ. ಅದಕ್ಕೆ ಅದೃಷ್ಟ ಅನ್ನೋಕೆ ನನಗೆ ಬಾಯಿ ಬರಲ್ಲ.

ಅದೃಷ್ಟ ಇಲ್ಲವೇ ಇಲ್ಲ ಅಂತಲ್ಲ. ಪ್ರತಿ ಏಟಿನ ಬಲ ಶೇಕಡಾ 85ರಿಂದ 100ರವರೆಗೆ 16 ಮೆಟ್ಟಿಲುಗಳಲ್ಲಿ ಎಲ್ಲಾದರೂ ಬೀಳಬಹುದು. ರಾಕ್ ಸ್ಲೈಡ್ ಅನ್ನೋ ಏಟು ನೂರಕ್ಕೆ ಹತ್ತು ಸಲ ತಪ್ಪುತ್ತದೆ. ಅದಕ್ಕೇ ಒಳ್ಳೆ ಆಟಗಾರರು 'ಈ ಏಟಿಗೆ ಎದುರಿನ ಪೋಕೆಮಾನ್ 16ರಲ್ಲಿ 15 ಸಲ ಉರುಳುತ್ತೆ' ಅಂತ ಮನೆಯಲ್ಲೇ ಲೆಕ್ಕ ಮಾಡಿಕೊಂಡು ಬರುತ್ತಾರೆ. ಟೂರ್ನಿ ನಡೆಯುವುದೂ ಚೆಸ್ ಟೂರ್ನಿಗಳ ಹಾಗೆ ಸ್ವಿಸ್ ಪದ್ಧತಿಯಲ್ಲಿ. ಒಂದು ಸೋತರೆ ಮನೆಗೆ ಹೋಗಬೇಕಾಗಿಲ್ಲ, ನಿಮ್ಮಷ್ಟೇ ಗೆದ್ದವರ ಜೊತೆ ಮುಂದಿನ ಸುತ್ತು. ಹತ್ತು ಸುತ್ತು ಆಡುವಾಗ ಸುಮ್ನೆ ಅದೃಷ್ಟ ನಂಬಿಕೊಂಡರೆ ಆಗಲ್ಲ.

ನ್ಯಾಷನಲ್ಸ್ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಮೊದಲು ಅಮೆರಿಕ, ಬ್ರಿಟನ್, ಜರ್ಮನಿ, ಇಟಲಿಯಲ್ಲಿ ಆ ಹೆಸರಿನ ಟೂರ್ನಿಗಳಿದ್ದವು. 2016ರ ನಂತರ ಅವುಗಳ ಜಾಗಕ್ಕೆ ಇಂಟರ್‌ನ್ಯಾಷನಲ್ ಚಾಂಪಿಯನ್‌ಶಿಪ್‌ಗಳು ಬಂದವು. ಜಪಾನಿನವರು ತಮ್ಮ ರಾಷ್ಟ್ರೀಯ ಟೂರ್ನಿಯನ್ನು ಉಳಿಸಿಕೊಂಡಿದ್ದಾರೆ. ಎಲ್ಲಕ್ಕೂ ಮೇಲೆ ವರ್ಲ್ಡ್ಸ್, ಅಂದರೆ ವಿಶ್ವ ಚಾಂಪಿಯನ್‌ಶಿಪ್.

2014ರ ವರ್ಲ್ಡ್ಸ್ ಬಗ್ಗೆ ಹೇಳದೆ ಇರೋಕೆ ನನ್ನಿಂದ ಆಗಲ್ಲ. ವಾಷಿಂಗ್ಟನ್‌ನಲ್ಲಿ ನಡೆದದ್ದು, ಗೆದ್ದವರು ದಕ್ಷಿಣ ಕೊರಿಯಾದ ಸೆ ಜುನ್ ಪಾರ್ಕ್. ಅವರ ತಂಡದಲ್ಲಿ ಪಚಿರಿಸು ಇತ್ತು. ಅಳಿಲಿನಂಥ ಪುಟ್ಟ ಪ್ರಾಣಿ, ಹೊಡೆಯುವ ಶಕ್ತಿ ತೀರಾ ಕಡಿಮೆ, ಬೇರೆ ಯಾರೂ ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಅವರಿಗೆ ಬೇಕಿದ್ದದ್ದು ಗ್ಯಾರಡೋಸ್ ಅನ್ನೋ ತಮ್ಮ ಇನ್ನೊಂದು ಪೋಕೆಮಾನನ್ನು ಕಾಯುವ ಜೊತೆಗಾರ. ನೀರಲ್ಲಿರುವ, ಹಾರುವ ಗ್ಯಾರಡೋಸ್‌ಗೆ ಕರೆಂಟಿನ ಏಟು ನಾಲ್ಕು ಪಟ್ಟು ತಾಗುತ್ತದೆ. ಪಚಿರಿಸು 'ಫಾಲೋ ಮಿ' ಅಂದರೆ ಎದುರಾಳಿಯ ಏಟು ಅದರ ಕಡೆಗೇ ತಿರುಗುತ್ತದೆ. ಅದು ಕರೆಂಟಿನ ಏಟಾಗಿದ್ದರೆ ಪಚಿರಿಸುಗೆ ನೋವಾಗುವ ಬದಲು ಜೀವ ತುಂಬಿಕೊಳ್ಳುತ್ತದೆ. ದುರ್ಬಲ ಅಂತ ಎಲ್ಲರೂ ಬಿಟ್ಟದ್ದನ್ನು ಅದರ ಒಂದೇ ಗುಣ ನೋಡಿ ಆರಿಸಿದರಲ್ಲ, ಈಗಲೂ ನೆನೆಸಿಕೊಂಡರೆ ಮೈ ಜುಮ್ ಅನ್ನುತ್ತೆ.

ನಿಮ್ಮ ತಮ್ಮನಿಗೆ ಈಗಲೇ ನಿಂಟೆಂಡೊ ಸ್ವಿಚ್ ಅನ್ನೋ ಗೇಮ್ ಯಂತ್ರ ಕೊಡಿಸಬೇಡಿ, ಅದು ದುಬಾರಿ. ಆರು ತಿಂಗಳು ಶೋಡೌನ್ ಆಡಲಿ. 2025ರ ಫೆಬ್ರವರಿಯಲ್ಲಿ ಪೋಕೆಮಾನ್ ಚಾಂಪಿಯನ್ಸ್ ಅನ್ನೋ ಹೊಸ ಆಟ ಘೋಷಿಸಿದಾಗ ಸ್ವಿಚ್ ಜೊತೆಗೆ ಫೋನಿಗೂ ತರುತ್ತೇವೆ ಅಂದಿದ್ದರು, ನಮ್ಮಂಥವರಿಗೆ ಅದೇ ದೊಡ್ಡ ಆಸೆಯಾಗಿತ್ತು. ದಿನಕ್ಕೊಂದು ತಂಡ ಬದಲಾಯಿಸದೆ ಒಂದೇ ತಂಡದಲ್ಲಿ ಐವತ್ತು ಆಟ ಆಡಲಿ. ಸೋತಾಗ ಎದುರಿನವನು ಯಾವ ನಾಲ್ಕನ್ನು ತಂದ, ತಾನು ಯಾವುದು ಬರುತ್ತೆ ಅಂದುಕೊಂಡಿದ್ದೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ನನ್ನ ಹತ್ತಿರ ಅಂಥ ಮೂರು ನೋಟ್‌ಬುಕ್ ಇವೆ.

ನಿದ್ದೆಗೆಡುವುದನ್ನು ಮಾತ್ರ ನಿಲ್ಲಿಸಿ. ಲೈವ್ ಆಟಗಳು ಆಮೇಲೆ ಯೂಟ್ಯೂಬಿನಲ್ಲೂ ಸಿಗುತ್ತವೆ. ಭಾನುವಾರ ಬೆಳಗ್ಗೆ ತಿಂಡಿ ಆದ ಮೇಲೆ ಇಬ್ಬರೂ ಕೂತು ಆ 2014ರ ಫೈನಲ್ ನೋಡಿ. ಏನಾಗ್ತಿದೆ ಅಂತ ಅವನೇ ನಿಮಗೆ ಹೇಳಲಿ.