ಬರೆಯಲು ಕೂತರೆ ಪದಗಳೇ ಬರುವುದಿಲ್ಲ, ಏನು ಮಾಡಲಿ?

ಬರೆಯುವುದು, ತಿದ್ದುವುದು ಎರಡನ್ನೂ ಒಟ್ಟಿಗೆ ಮಾಡಲು ಹೋದಾಗ ಹೆಚ್ಚಾಗಿ ಹೀಗಾಗುತ್ತದೆ. ಸಾಲು ಮೂಡುವ ಮೊದಲೇ ಅದು ಚೆನ್ನಾಗಿಲ್ಲ ಅನ್ನಿಸಿಬಿಡುತ್ತದೆ, ಅಲ್ವಾ? 10 ನಿಮಿಷ ಟೈಮರ್ ಇಟ್ಟು ಕೈ ನಿಲ್ಲಿಸದೆ ಬರೆಯಿರಿ. ಏನೂ ತೋಚದಿದ್ದರೆ ‘ಏನೂ ತೋಚುತ್ತಿಲ್ಲ’ ಎಂದೇ ಬರೆಯಿರಿ. ಅಳಿಸಬೇಡಿ, ಬರೆದದ್ದನ್ನು ಮತ್ತೆ ಓದಲೂ ಬೇಡಿ. ಜಾಸ್ತಿ ಭಾಗ ಕಸವೇ ಇರುತ್ತದೆ, ಪರವಾಗಿಲ್ಲ. ಒಂದೆರಡು ಜೀವಂತ ಸಾಲು ಸಿಕ್ಕರೆ ಸಾಕು.

ಮೊದಲ ವಾಕ್ಯವೇ ಕಾಡುತ್ತಿದ್ದರೆ ಅದನ್ನು ಬಿಟ್ಟು, ಕಣ್ಣಿಗೆ ಕಟ್ಟಿದಂತಿರುವ ನಡುವಿನ ಭಾಗದಿಂದ ಶುರು ಮಾಡಿ.

ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಅಮೆರಿಕದ ಕಾದಂಬರಿಕಾರ ಅರ್ನೆಸ್ಟ್ ಹೆಮಿಂಗ್ವೇ ಅವರ ರೂಢಿ. ಮುಂದೇನು ಬರೆಯಬೇಕು ಎಂದು ಗೊತ್ತಿರುವಾಗಲೇ ಅವರು ಆ ದಿನದ ಕೆಲಸ ನಿಲ್ಲಿಸುತ್ತಿದ್ದರು. ಹಾಗೆ ಮಾಡಿದರೆ ಮರುದಿನ ಖಾಲಿ ಹಾಳೆಯ ಮುಂದೆ ಸುಮ್ನೆ ಕೂರುವ ಸಂಕಟ ತಪ್ಪುತ್ತದೆ.